ದೀಪ ಹಾಕುವ ಮೊದಲೇ ಓದಿದ ಸಾಲು

ಕುರ್ಚಿಯ ಕಾಲು ನೆಲಕ್ಕೆ ಉಜ್ಜುವ ಸದ್ದು, ಮತ್ತೊಂದು, ಮತ್ತೊಂದು, ಸಾಲುಗಟ್ಟಿ ಹಾಕುತ್ತಿದ್ದಾರೆ, ಕಿವಿಗೆ ಎಷ್ಟು ಹಿತ, ವರ್ಷವಿಡೀ ಕಾದದ್ದು ಈ ಸದ್ದಿಗೇ ಏನೋ — ವಾರ್ಷಿಕ ಸಭೆಯ ಬಾಗಿಲಲ್ಲಿ ಕೊರಳಿಗೆ ಬಿಲ್ಲೆ ಹಾಕಿದರು, ಹಿರಿಯ ಸದಸ್ಯೆ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ ಪುಣ್ಯಾತ್ಮರು, ದೃಷ್ಟಿ ಪರೀಕ್ಷಕರ ಸಂಘವಾದ ಮೇಲೆ ಅಷ್ಟಾದರೂ ಬೇಡವೇ, ಹೋದ ವರ್ಷದ ಸುತ್ತೋಲೆಯನ್ನು ಇರುವೆ ಸಾಲಿನಷ್ಟು ಸಣ್ಣಕ್ಕೆ ಅಚ್ಚು ಹಾಕಿಸಿದ್ದರು, ನಾವಿಬ್ಬರೂ ಭೂತಗನ್ನಡಿ ಹಿಡಿದು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು, ಆಗ ಅವರಿದ್ದರು. ಯಜಮಾನರು ಹೋಗಿ ಹತ್ತು ತಿಂಗಳು. ಇಪ್ಪತ್ತೆರಡು ವರ್ಷ ಈ ಸಂಘದ ಕಾರ್ಯದರ್ಶಿ, ಈ ಸಭಾಂಗಣದ ಯಾವ ಕಿಟಕಿಯ ಚಿಲಕ ಸಡಿಲ ಎಂಬುದೂ ಅವರಿಗೆ ಗೊತ್ತಿತ್ತು — ಅಳಬಾರದು, ಇಂದು ಅಳಬಾರದು, ಬೆಳಗ್ಗೆ ದೇವರ ಮುಂದೆ ಕೈಮುಗಿದು ಇಷ್ಟನ್ನೇ ಬೇಡಿಕೊಂಡೆ, ತಂದೆ, ಕಾರ್ಯಸೂಚಿಯ ಏಳನೆಯ ವಿಷಯ ಮುಗಿಯುವ ತನಕ ನನ್ನ ಕಣ್ಣು ಒಣಗಿರಲಿ. ನಾದಿನಿ ಫೋನಿನಲ್ಲಿ, ಅತ್ತಿಗೆ, ಎಪ್ಪತ್ತು ದಾಟಿತು, ಊರೂರಿನ ಶಾಲೆ ಸುತ್ತೋದು ನಿಮಗ್ಯಾಕೆ ಬೇಕಿತ್ತು, ಮನೇಲಿ ಬೆಚ್ಚಗೆ ಕೂತ್ಕೋಬಾರದಾ, ನಾನು ಹೇಳಿದೆ, ಬೆಚ್ಚಗೆ ಕೂರೋಕೆ ನಾನೇನು ಕಾವಿಗೆ ಕೂತ ಕೋಳೀನಾ, ಅವಳು ನಕ್ಕಳು, ನಾನೂ ನಕ್ಕೆ, ಹತ್ತು ತಿಂಗಳಲ್ಲಿ ಮೊದಲ ಸಲ.

ಏಳನೆಯ ವಿಷಯ, ಅಚ್ಚಿನಲ್ಲಿ ಎಷ್ಟು ತಣ್ಣಗೆ ಕಾಣುತ್ತದೆ, ಶಾಲಾ ಮಕ್ಕಳ ಕಣ್ಣು ತಪಾಸಣೆಯ ವಾರ, ಮುಂದಾಳಾಗಿ ಯಾರೂ ಬಾರದಿದ್ದಲ್ಲಿ ಕೈಬಿಡುವುದು. ಕೈಬಿಡುವುದಂತೆ! ಅವರು ಹುಟ್ಟುಹಾಕಿದ ವಾರ, ಹಲಗೆ ಕಾಣದೆ ದಡ್ಡರೆನಿಸಿಕೊಂಡ ಎಷ್ಟು ಮಕ್ಕಳು ಒಂದು ಕನ್ನಡಕದಿಂದ ಜಾಣರಾದರು, ಈಗ ಯಾರಿಗೂ ಬಿಡುವಿಲ್ಲ, ಒಂದು ವಾರ ಅಂಗಡಿ ಮುಚ್ಚಬೇಕಲ್ಲ ಎಂದು ಎಲ್ಲರೂ ನೆಲ ನೋಡುತ್ತಾರೆ, ಅದಕ್ಕೇ ನಾನು ಬರೆದು ಕಳಿಸಿದೆ, ನಾನು ಮುಂದಾಳಾಗುತ್ತೇನೆ, ಬರುವ ಸೋಮವಾರದಿಂದಲೇ. ಆದರೆ ಅವರದೇ ಒಂದು ನಿಯಮವಿದೆ, ಮುಂದಾಳು ಸಭೆಯ ಎದುರು ತನ್ನ ಕಣ್ಣು ತೋರಿಸಬೇಕು, ಎರಡೂ ಕಣ್ಣು ಬೇರೆಬೇರೆಯಾಗಿ, ಅಕ್ಷರದ ಫಲಕವನ್ನು ಎಂಟನೆಯ ಸಾಲಿನವರೆಗೆ ಓದಬೇಕು, ನಮ್ಮ ಕಣ್ಣೇ ತಪ್ಪಿದರೆ ಮಕ್ಕಳ ಕಣ್ಣಿಗೆ ಗತಿ ಯಾರು ಎನ್ನುತ್ತಿದ್ದರು. ನಲವತ್ತು ವರ್ಷ ನಾವಿಬ್ಬರೇ ಒಬ್ಬರನ್ನೊಬ್ಬರು ಪರೀಕ್ಷಿಸಿದ್ದು, ಅವರು ಹೋದ ಮೇಲೆ ನನ್ನ ಕಣ್ಣನ್ನು ಯಾರೂ ನೋಡಿಲ್ಲ, ನಾನೂ ಯಾರಿಗೂ ತೋರಿಸಿಲ್ಲ, ಎಡಗಡೆ ಸ್ವಲ್ಪ ಮಂಜು, ದೀಪದ ಸುತ್ತ ಬಳೆಯಂಥ ಬೆಳಕು, ಅತ್ತು ಅತ್ತು ಹೀಗಾಗಿದೆ, ದುಃಖ ಕರಗಿದರೆ ಅದೂ ಕರಗುತ್ತದೆ.

ಬನ್ನಿ ಮೇಡಂ ಬನ್ನಿ, ಟೈಮಾಯ್ತು — ಇವಳು ನಮ್ಮ ಅಧ್ಯಕ್ಷೆ, ನನ್ನ ಹಳೆಯ ಶಿಷ್ಯೆ, ಕಲಿಯುವಾಗಲೇ ಬಿರುಗಾಳಿ ಎಂದು ಹೆಸರಿಟ್ಟಿದ್ದೆವು, ನಡೆದರೆ ಮೇಜಿನ ಕಾಗದಗಳು ಹಾರುತ್ತಿದ್ದವು, ವೇದಿಕೆಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿದಳು, ಎದುರು ಗೋಡೆಯ ಮೇಲೆ ಅಕ್ಷರದ ಫಲಕ, ಎಡಗಣ್ಣು ಮುಚ್ಚಿಕೊಂಡೆ, ಸಭೆಯಲ್ಲಿ ಇನ್ನೂರು ಜನ, ಮೇಲಿನ ದೊಡ್ಡ ಅಕ್ಷರದಿಂದ ಹಿಡಿದೆ ನೋಡಿ, ಎರಡನೆಯ ಸಾಲು, ಮೂರನೆಯದು, ನೀರು ಕುಡಿದ ಹಾಗೆ, ಎಂಟನೆಯದನ್ನೂ ದಾಟಿ ಒಂಬತ್ತನೆಯದರ ಕೊನೆಯ ಅಕ್ಷರದ ತನಕ ನಿಲ್ಲಿಸದೆ ಹೇಳಿ ಕೈ ಇಳಿಸಿದೆ. ಬಿರುಗಾಳಿ ಹೇಳಿದಳು, ಮೇಡಂ, ನಾನಿನ್ನೂ ಫಲಕದ ದೀಪಾನೇ ಹಾಕಿಲ್ಲ. ಆಮೇಲೆ ಎದ್ದ ನಗೆ, ಅಬ್ಬಾ, ಚಾವಣಿ ಹಾರಿಹೋಗಬೇಕು, ನಾನೂ ಬಿದ್ದು ಬಿದ್ದು ನಗುತ್ತಿದ್ದೇನೆ, ನಲವತ್ತು ವರ್ಷ ದಿನಕ್ಕೆ ಮೂವತ್ತು ಜನರಿಂದ ಅದೇ ಸಾಲು ಓದಿಸಿದ ಬಾಯಿ, ಕಣ್ಣನ್ನು ಕೇಳುವುದೇ ಇಲ್ಲ, ತಾನೇ ಓಡುತ್ತದೆ, ಮುಂದಿನ ಸಾಲಿನಿಂದ ಯಾರೋ, ನನಗೂ ಹಂಗೇ ಬರುತ್ತೆ ಮೇಡಂ, ನಿದ್ದೇಲೂ ಬರುತ್ತೆ!

ಹಾಗಾದ್ರೆ ಮಕ್ಕಳ ಫಲಕ ಹಾಕ್ತೀನಿ, ಎಂದಳು, ಅಕ್ಷರವಿಲ್ಲ, ಬರೀ ಮೂರು ಕಾಲಿನ ಗುರುತು, ಕಾಲು ಯಾವ ಕಡೆಗಿದೆ ಎಂದು ತೋರಿಸಬೇಕು, ಪ್ರತಿ ಸಲ ತಿರುಗಿಸುತ್ತಾಳೆ, ಬಾಯಿಪಾಠಕ್ಕೆ ಸಿಗುವುದಿಲ್ಲ. ಬಲಗಣ್ಣು — ಮೇಲೆ, ಕೆಳಗೆ, ಆ ಕಡೆ, ಈ ಕಡೆ, ಎಂಟನೆಯ ಸಾಲು ದಾಟಿತು, ಚಪ್ಪಾಳೆ. ಈಗ ಎಡಗಣ್ಣು. ನಾಲ್ಕನೆಯ ಸಾಲು ಸರಿ, ಐದನೆಯದನ್ನು ತಿಣುಕಿ ಹೇಳಿದೆ, ಆರನೆಯದರಲ್ಲಿ ಗುರುತೇ ಇಲ್ಲ, ಹಿಂಜಿದ ಹತ್ತಿ, ರೆಪ್ಪೆ ಬಡಿದೆ, ಹತ್ತಿಯೇ. ಅವಳು ಪುಟ್ಟ ಬೆಳಕು ಹಿಡಿದು ಬಗ್ಗಿದಳು, ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತಿದೆ, ಪೊರೆ ಮೇಡಂ, ಎಡಗಡೆ ಚೆನ್ನಾಗೇ ಬಲಿತಿದೆ. ಪೊರೆ! ಕುಣಿಯಬೇಕೆನಿಸಿತು, ಹುಚ್ಚಿ ನಾನು, ಅತ್ತು ಅತ್ತು ಕಣ್ಣು ಮಂಜಾಯ್ತು ಎಂದು ಬಂದ ಎಷ್ಟು ಹೆಂಗಸರಿಗೆ ನಾನೇ ಹೇಳಿದ್ದೇನೆ, ಕಣ್ಣೀರಿಗೆ ಅಷ್ಟು ಶಕ್ತಿ ಇಲ್ಲಮ್ಮ, ಇದು ಪೊರೆ, ತೆಗೆಸಿದರೆ ಹೋಗುತ್ತದೆ — ಹತ್ತು ತಿಂಗಳು ಅವರ ನೆನಪಿಗೆ ಕಟ್ಟಿಕೊಂಡ ಮಂಜು ಎಂದು ಅದನ್ನು ಜೋಪಾನ ಮಾಡಿದೆನಲ್ಲ, ದೇವರು ನಗುತ್ತಿರಬೇಕು, ಪಕ್ಕದಲ್ಲಿ ಅವರೂ.

ಆದರೆ ಸೋಮವಾರಕ್ಕೆ ಉಳಿದದ್ದು ಮೂರೇ ದಿನ, ಅಷ್ಟರಲ್ಲಿ ಪೊರೆ ತೆಗೆಸಿ ಕಣ್ಣು ಸರಿಯಾಗುವುದೆಲ್ಲಿ. ಬಿರುಗಾಳಿ ಮೈಕನ್ನು ಅಂಗೈಯಿಂದ ಮುಚ್ಚಿ ಕಿವಿಯ ಹತ್ತಿರ ಬಂದಳು, ಎಂಟು ಅಂತ ಬರೆದುಬಿಡ್ಲಾ, ಒಂದು ಕಣ್ಣು ಚೆನ್ನಾಗಿದೆಯಲ್ಲ, ಯಾರಿಗೂ ಗೊತ್ತಾಗಲ್ಲ, ಇಲ್ದಿದ್ರೆ ವಾರಾನೇ ಹೋಗುತ್ತೆ ಮೇಡಂ, ಸರ್ ಶುರು ಮಾಡಿದ್ದು. ಅವಳ ಪೆನ್ನು ಕಾಗದಕ್ಕೆ ತಾಗಿಯೇ ಇದೆ, ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ, ಒಂದೇ ಅಂಕಿ, ದುಂಡಗಿನದು, ಬರೆಯಲು ಒಂದು ಕ್ಷಣ ಸಾಕು — ಬೇಡ ಮಗಳೇ, ಕಂಡಿದ್ದನ್ನ ಬರಿ, ಐದು ಕಂಡಿತು, ಐದು ಬರಿ. ಬರೆದಳು. ನಾನೇ ಮೈಕು ತೆಗೆದುಕೊಂಡು ಎದ್ದೆ, ನಾನು ಫೇಲು, ಎಂದೆ, ಯಾರೂ ನಗಲಿಲ್ಲ, ಕಣ್ಣಿನ ಪೊರೆ ತೆಗೆಸ್ಕೊಂಡು ಮುಂದಿನ ವರ್ಷ ಓಡಿ ಬರ್ತೀನಿ, ಈ ವರ್ಷಕ್ಕೆ ನನ್ನ ಜಾಗಕ್ಕೆ ಯಾರಾದರೂ ಬನ್ನಿ, ನಮ್ಮವರ ಹೆಸರಿಗೆ ಬೇಡ, ಮಕ್ಕಳಿಗೆ.

ಇನ್ನೂರು ತಲೆಗಳು, ಎಲ್ಲ ನೆಲ ನೋಡುತ್ತಿವೆ, ಫ್ಯಾನಿನ ಸದ್ದು, ಒಂದು ಕೆಮ್ಮು, ದೇವರೇ, ನಿನ್ನ ಚಿತ್ತವೇ ನಡೆಯಲಿ, ಆದರೆ ಸ್ವಲ್ಪ ಈ ಕಡೆ ವಾಲಲಿ — ಹಿಂದಿನ ಸಾಲಿನಲ್ಲಿ ಏನೋ ಎದ್ದಿತು, ಕೈಯೇ, ಕಂಬದ ನೆರಳೇ, ಎಡಗಣ್ಣಿನ ಹತ್ತಿಯಲ್ಲಿ ತಿಳಿಯುತ್ತಿಲ್ಲ, ಯಾರೋ ನಿಟ್ಟುಸಿರಿಟ್ಟರು, ಅಯ್ಯೋ ಆಕ್ಷೇಪಣೆಯಪ್ಪ, ಎಂದರು, ಹೌದು, ಅವನೇ, ಪ್ರತಿ ಸಭೆಯಲ್ಲೂ ಕೈಯೆತ್ತಿ ನನ್ನದೊಂದು ಆಕ್ಷೇಪಣೆ ಇದೆ ಎಂದು ಊಟದ ಹೊತ್ತು ದಾಟಿಸುವವನು, ಈ ವಾರ ದಂಡ ಎಂದು ನಮ್ಮವರೊಡನೆ ವರ್ಷ ವರ್ಷ ಜಗಳಕ್ಕೆ ನಿಂತವನು, ಬಿರುಗಾಳಿ ಸಿಡುಕಿದಳು, ಹೇಳಿಬಿಡಿ ಸಾರ್, ಏನು ನಿಮ್ಮ ಆಕ್ಷೇಪಣೆ. ಏನೂ ಇಲ್ಲಮ್ಮ, ಎಂದ, ಧ್ವನಿ ಎಷ್ಟು ಸಣ್ಣಗಾಗಿತ್ತು, ಏನೂ ಇಲ್ಲ, ನನ್ನ ಕಣ್ಣು ನೋಡಿ, ಮೇಡಮ್ಮೇ ನೋಡಲಿ, ಮಕ್ಕಳ ಫಲಕದಲ್ಲೇ. ಅಂದರೂ ಕೈ ಇಳಿಸಲಿಲ್ಲ, ಇಳಿಸುವುದನ್ನೇ ಮರೆತ, ನಾನು ಎಡಗಣ್ಣನ್ನು ಅಂಗೈಯಿಂದ ಮುಚ್ಚಿದೆ, ಹತ್ತಿ ಹೋಯಿತು, ತಲೆಗಳ ಮೇಲೆ ಆ ಕೈ, ಒಂಟಿಯಾಗಿ, ತೋಳಿನ ಗುಂಡಿ ಬಿಚ್ಚಿದೆ, ಮಣಿಕಟ್ಟಿನ ನರೆತ ಕೂದಲು, ಆ ಕೈ, ಬೆರಳು ಬೆರಳೂ ಬೇರೆಬೇರೆಯಾಗಿ ಕಾಣುತ್ತಿದೆ, ಕೈ, ಮೇಲೆತ್ತಿದ ಕೈ —