ದ್ಯಾಮಣ್ಣನ ಕೊರಳಲ್ಲಿ

ದ್ಯಾಮಣ್ಣ ನನ್ನನ್ನು ಕಿವಿಗೆ ಸಿಕ್ಕಿಸಿಕೊಂಡ. ಫಕೀರವ್ವನ ಮೊಣಕೈ ಮಡಿಕೆಯ ಮೇಲೆ ನನ್ನ ತಣ್ಣನೆಯ ಮುಖ ಒತ್ತಿ, ಏನೋ ಕೇಳಿಸಿದವನ ಹಾಗೆ ತಲೆಯಾಡಿಸಿದ. ಏನೂ ಕೇಳಿಸಿರಲಿಲ್ಲ. ನನ್ನ ಕಿವಿಗೊಳವೆಗಳು ಮುಂದಕ್ಕೆ ಬಾಗಿರುವುದು ಮನುಷ್ಯರ ಕಿವಿಯ ದಾರಿಗೆ ಹೊಂದಲೆಂದು. ಅವನು ಹಿಂದುಮುಂದಾಗಿ ಹಾಕಿಕೊಂಡಿದ್ದ. ನಾನು ಹೊತ್ತು ತಂದ ಮುದುಕಿಯ ನಾಡಿಬಡಿತ ಅವನ ಕಿವಿಯ ಗೋಡೆಗೆ ತಾಗಿ ಅಲ್ಲೇ ಸತ್ತಿತು.

“ಎಷ್ಟೈತಿ?” ಬೆನ್ನ ಹಿಂದೆ ನಿಂತಿದ್ದ ವಾರ್ಡಿನ ಹಿರಿಯ ನರ್ಸ್ ಸುವಾರ್ತಾ ಸಿಸ್ಟರ್ ಕೇಳಿದರು.

“ನೂರಾ ಇಪ್ಪತ್ತು, ಎಂಬತ್ತು.”

“ಪುಸ್ತಕದಾಗಿನ ಬಿಪಿ ಹೇಳಬ್ಯಾಡ. ಈ ಅಜ್ಜೀದು ಹೇಳು.”

ಸಿಸ್ಟರ್ ನನ್ನನ್ನು ಅವನ ಕಿವಿಯಿಂದ ಕಳಚಿ, ತಿರುಗಿಸಿ, ಮತ್ತೆ ಸಿಕ್ಕಿಸಿದರು. ಮುದುಕಿಯ ತೋಳಿಗೆ ಸುತ್ತಿದ್ದ ಬಿಪಿ ಪಟ್ಟಿಗೆ ಗಾಳಿ ತುಂಬಿ ಮೆಲ್ಲಗೆ ಬಿಟ್ಟರು. ಟಕ್, ಟಕ್, ಟಕ್. ಒಳಗೆ ಯಾರೋ ಮುಚ್ಚಿದ ಬಾಗಿಲು ತಟ್ಟಿದಂತೆ. ದ್ಯಾಮಣ್ಣನ ಬಾಯಿ ತಾನಾಗಿ ತೆರೆಯಿತು. ನರ್ಸಿಂಗ್ ಪಾಸಾಗಿ ಅವನು ಕೆಲಸಕ್ಕೆ ಬಂದ ಮೊದಲ ದಿನ ಅದು.

ನಾನು ಒಂದು ಸ್ಟೆತೋಸ್ಕೋಪ್. ತಗಡಿನ ಚಾವಣಿಯ ಕಾರ್ಖಾನೆಯಲ್ಲಿ ರಬ್ಬರು, ಉಕ್ಕು, ತೆಳುವಾದ ಪ್ಲಾಸ್ಟಿಕ್ ಬಿಲ್ಲೆ ಸೇರಿಸಿ ನನ್ನನ್ನು ಕಟ್ಟಿದರು. ಹಾಗೆ ಕಟ್ಟಿದ್ದನ್ನು ಹುಟ್ಟು ಅನ್ನಲಾರೆ. ತಪಾಸಣೆಗೆ ಕೂತಿದ್ದ ಹುಡುಗಿಯೊಬ್ಬಳು ನನ್ನನ್ನು ಎತ್ತಿ, ತನ್ನದೇ ಎದೆಗೆ ಇಟ್ಟುಕೊಂಡು ಅರೆಕ್ಷಣ ಕಣ್ಣು ಮುಚ್ಚಿದಳು. ಆಗ ಹುಟ್ಟಿದೆ. ಅವಳು ‘ಪಾಸ್’ ಎಂದು ಪೆಟ್ಟಿಗೆಗೆ ಎಸೆದಳು.

ನನ್ನ ಮೊದಲ ಒಡತಿ ನಸೀಮಾ. ವೈದ್ಯಕೀಯ ಓದುವಾಗ ಕೊಂಡಳು. ಮೊದಲ ವರ್ಷ ಕೊರಳಿಗೆ ಹಾಕಿಕೊಳ್ಳಲು ನಾಚಿ ಚೀಲದಲ್ಲಿಟ್ಟಳು, ಆಮೇಲೆ ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ. ಡಾಕ್ಟರಾಗಿ ಹಳೇಕುಂಟಿಯ ಆಸ್ಪತ್ರೆಗೆ ಬಂದ ಮೇಲೆ ಹೊಸದೊಂದು ಕೊಂಡು ನನ್ನನ್ನು ವಾರ್ಡಿಗೆ ಬಿಟ್ಟುಕೊಟ್ಟಳು. ಅಷ್ಟರಲ್ಲಿ ನನ್ನ ಬಿಲ್ಲೆ ಸೀಳಿತ್ತು. ಸುವಾರ್ತಾ ಸಿಸ್ಟರ್ ಹಳೆಯ ಎಕ್ಸ್‌ರೇ ಹಾಳೆಯನ್ನು ದುಂಡಗೆ ಕತ್ತರಿಸಿ ಅಲ್ಲಿ ಕೂರಿಸಿದರು. ಯಾರದೋ ಪಕ್ಕೆಲುಬಿನ ನೆರಳು ಈಗಲೂ ನನ್ನ ಮುಖದ ಮೇಲಿದೆ. ಅದರ ಮೂಲಕವೇ ಆ ಊರಿನ ಎದೆಗಳನ್ನೆಲ್ಲ ಕೇಳಿದ್ದೇನೆ.

ವಾರ್ಡಿನ ನರ್ಸ್ ಹೆಣ್ಣುಮಕ್ಕಳು ನನ್ನನ್ನು ಟ್ರೇಯಲ್ಲಿಡುತ್ತಿದ್ದರು. ದ್ಯಾಮಣ್ಣ ಕೊರಳಿಗೆ ಹಾಕಿಕೊಂಡ. ಅಷ್ಟೇ ಸಾಕಾಯಿತು. ರೋಗಿಗಳ ಬಾಯಲ್ಲಿ ಅವನು ‘ಡಾಕ್ಟರ್ ಸಾಹೇಬ್ರು’ ಆಗಿಬಿಟ್ಟ.

“ಅಲ್ರಿ, ನಾ ನರ್ಸ್,” ಎಂದು ಮೊದಮೊದಲು ಹೇಳಿದ.

“ಗಂಡಸರು ನರ್ಸ್ ಆಗ್ತಾರೇನ್ರಿ? ಚ್ಯಾಷ್ಟಿ ಮಾಡಬ್ಯಾಡ್ರಿ ಸಾಹೇಬ್ರ.”

ಕೆಲವು ದಿನಗಳಲ್ಲಿ ಅವನು ಹೇಳುವುದನ್ನು ಬಿಟ್ಟ. ಡಾಕ್ಟರಾಗಬೇಕೆಂದಿದ್ದ ಹುಡುಗ ಅವನು. ಅಂಕ ಸಾಲದೆ ಇತ್ತ ಬಂದಿದ್ದ. ಊರಲ್ಲಿ ಅವನ ತಾಯಿ, ಮಗ ಡಾಕ್ಟರೇ ಆಗಿದ್ದಾನೆಂದು ಹೇಳಿಕೊಂಡು ತಿರುಗುತ್ತಿದ್ದಳು. ಆ ಆಸೆ ಇನ್ನೂ ಸತ್ತಿಲ್ಲವೆಂದು ನನಗೆ ಅವನು ಹೇಳದೆಯೂ ಗೊತ್ತು. ಯಾರಾದರೂ ‘ಡಾಕ್ಟರ್’ ಎಂದಾಗ ಅವನ ಎದೆ ಹಾಕುವ ಸಣ್ಣ ಜಿಗಿತ, ಅಂಗಿಯ ಮೇಲೆ ತೂಗುತ್ತಿದ್ದ ನನ್ನ ಮುಖಕ್ಕೆ ತಾಗುತ್ತಿತ್ತು.

ಫಕೀರವ್ವನ ಹೃದಯ ದಣಿದಿತ್ತು. ಅದಕ್ಕೆ ಉಪ್ಪು ಮುಟ್ಟಬಾರದೆಂದು ಡಾಕ್ಟರ್ ನಸೀಮಾ ಕಟ್ಟುನಿಟ್ಟು ಮಾಡಿದ್ದರು. ಒಂದು ಮಧ್ಯಾಹ್ನ ಮುದುಕಿ ಸೆರಗಿನ ಮರೆಯಿಂದ ಭರಣಿ ತೆಗೆದಳು.

“ಡಾಕ್ಟರಪ್ಪ, ಬಾಯಿ ಸಪ್ಪಗಾಗೇತಿ. ಮಗಳು ಮಾವಿನ ಉಪ್ಪಿನಕಾಯಿ ತಂದಾಳ. ಒಂದ್ ಹೋಳು ತಿನ್ನಲೇನು? ಆ ಡಾಕ್ಟರಮ್ಮಗ ಕೇಳಿದ್ರ ಬೈತಾಳ. ನೀ ಹೇಳು.”

ನರ್ಸಾಗಿದ್ದರೆ ಭರಣಿ ಎತ್ತಿಡುತ್ತಿದ್ದ. ಕಡೇಪಕ್ಷ ಸಿಸ್ಟರನ್ನು ಕೇಳುತ್ತಿದ್ದ.

“ಒಂದು ಹೋಳಿಗೆ ಏನೂ ಆಗೂದಿಲ್ಲಬೇ,” ಎಂದ.

ಫಕೀರವ್ವ ಭರಣಿಯನ್ನೇ ಖಾಲಿ ಮಾಡಿದಳು. ಅಕ್ಕಪಕ್ಕದ ಹಾಸಿಗೆಯವರು ಹುಬ್ಬೇರಿಸಿದಾಗಲೆಲ್ಲ “ಡಾಕ್ಟರು ಹೂಂ ಅಂದಾರ” ಎಂದು ಇನ್ನೊಂದು ಹೋಳು ಎತ್ತಿದಳು.

ಬೆಳಿಗ್ಗೆ ಅವಳ ಪಾದಗಳು ಊದಿದ್ದವು. ಮಲಗಲಾರದೆ ಮಂಚದ ಸರಳು ಹಿಡಿದು ಕೂತು ಉಸಿರಿಗೆ ಹೋರಾಡುತ್ತಿದ್ದಳು.

“ಇದನ್ನ ಯಾರು ತಿನ್ನೋಕೆ ಬಿಟ್ಟಿದ್ದು?” ಡಾಕ್ಟರ್ ನಸೀಮಾ ಭರಣಿ ಹಿಡಿದು ಕೇಳಿದರು.

ಮುದುಕಿ ಬೆರಳೆತ್ತಿದಳು. ಅಷ್ಟು ಸಂಕಟದಲ್ಲೂ ಅವಳ ದನಿಯಲ್ಲಿ ಹೆಮ್ಮೆಯಿತ್ತು. “ಈ… ಡಾಕ್ಟರು.”

ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಹಚ್ಚಿ, ಮುದುಕಿಯ ತುಟಿಗೆ ಬಣ್ಣ ಮರಳುವವರೆಗೂ ನಸೀಮಾ ಅವನ ಕಡೆ ನೋಡಲಿಲ್ಲ. ಆಮೇಲೆ ಸಿಸ್ಟರ್‌ಗೆ ಹೇಳಿದರು: “ಇವರ ಮೇಲೆ ನಾನು ರಿಪೋರ್ಟ್ ಮಾಡಬೇಕಾಗುತ್ತೆ.”

“ಮಾಡೂದಾದ್ರ ಆಮ್ಯಾಲ ಮಾಡ್ರಿ ಡಾಕ್ಟರ್. ಈಗ ಅವಗ ಕೆಲಸ ಐತಿ.” ಸುವಾರ್ತಾ ಸಿಸ್ಟರ್ ದ್ಯಾಮಣ್ಣನತ್ತ ತಿರುಗಿದರು. “ಡಾಕ್ಟರಾಗಿ ಒಂದು ಮಾತು ಹೇಳೀದಿ, ಮುಗೀತು. ಇನ್ನ ಆಕಿ ಚೇತರಿಸಿಕೊಳ್ಳೂತನಕ ನರ್ಸ್ ಆಗಿ ನಿಂದ್ರು.”

ನಿಂತ. ಬೆನ್ನಿಗೆ ದಿಂಬು ಏರಿಸಿದ, ಮೂತ್ರ ಅಳೆದ, ತೂಕ ಹಾಕಿದ, ನೀರನ್ನು ಗುಟುಕು ಗುಟುಕಾಗಿ ಕೊಟ್ಟ. ಸಿಸ್ಟರ್ ಅವನ ಕೈ ಹಿಡಿದು ನನ್ನನ್ನು ಮುದುಕಿಯ ಬೆನ್ನಿನ ಮೇಲೆ ಇಡಿಸಿದರು. “ಕಿವಿ ಹತ್ರ ನಿನ್ನ ಕೂದಲಾ ಬೆರಳಾಗ ತಿಕ್ಕಿ ನೋಡು. ಅಂಥಾ ಸದ್ದು ಕೇಳ್ತದೇನು? ಅದು ನೀರು.” ಕೇಳುತ್ತಿತ್ತು, ಹೆಗಲೆಲುಬಿನವರೆಗೂ. ಮರುದಿನ ಅದಕ್ಕಿಂತ ಕೆಳಗೆ. ಅದರ ಮರುದಿನ ಇನ್ನೂ ಕೆಳಗೆ. ಕೆರೆ ಇಳಿಯುವುದನ್ನು ದಂಡೆಯ ಮೇಲೆ ಕೂತು ನೋಡುವವನಂತೆ ಅವನು ನನ್ನನ್ನು ಇಂಚಿಂಚೇ ಸರಿಸಿ ಕೇಳಿದ. ಆ ದಿನಗಳಲ್ಲಿ ನಾನು ಅವನ ಕೊರಳಲ್ಲಿದ್ದುದು ಕಡಿಮೆ, ಮುದುಕಿಯ ಬೆನ್ನ ಮೇಲಿದ್ದುದೇ ಹೆಚ್ಚು.

ಕೊನೆಗೊಂದು ಬೆಳಿಗ್ಗೆ ಅವಳು ಎರಡೇ ದಿಂಬಿಗೆ ಒರಗಿ ನಿದ್ದೆ ಮಾಡಿ ಎದ್ದಳು. ದ್ಯಾಮಣ್ಣ ಅವಳ ಎದುರು ಸ್ಟೂಲು ಎಳೆದು ಕೂತ.

“ಬೇ, ನಾ ಡಾಕ್ಟರ್ ಅಲ್ಲ. ನರ್ಸ್. ಉಪ್ಪಿನಕಾಯಿಗೆ ಹೂಂ ಅನ್ನೂದು ನನ್ನ ಕೆಲಸ ಆಗಿರಲಿಲ್ಲ. ನನ್ನಿಂದ ನಿನಗ ತ್ರಾಸಾತು.”

ಫಕೀರವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಹಂಗಾದ್ರ ನಿನಗ ಏನಂತ ಕರೀಬೇಕು?”

“ಬ್ರದರ್ ಅಂತಾರ.”

“ಅಂದ್ರ?”

“ಅಣ್ಣ.”

“ನನ್ನ ಬಾಯಾಗ ಹಲ್ಲಿಲ್ಲ, ನಿನಗ ಮೀಸಿ ಪೂರಾ ಬಂದಿಲ್ಲ. ನಿನಗ ಅಣ್ಣ ಅನ್ನಲೇನು?” ಮುದುಕಿ ನಕ್ಕಳು, ಈ ಸಲ ಉಸಿರು ತಪ್ಪಲಿಲ್ಲ. “ಏ ನರ್ಸಪ್ಪ, ಮೊದಲ ಆ ಗಂಜಿ ಕೊಡು.”

ಡಾಕ್ಟರ್ ನಸೀಮಾ ರಿಪೋರ್ಟ್ ಮಾಡಿದರು. ದ್ಯಾಮಣ್ಣ ಆಸ್ಪತ್ರೆಯ ಮುಖ್ಯಸ್ಥರ ಮುಂದೆ ನಿಂತು, ನಡೆದದ್ದನ್ನು ನಡೆದಂತೆ ಹೇಳಿ, ಒಂದು ಎಚ್ಚರಿಕೆಯೊಂದಿಗೆ ಕೆಲಸಕ್ಕೆ ಮರಳಿದ. ಅಂದಿನಿಂದ ಯಾರು ಏನೆಂದು ಕರೆದರೂ ತಿದ್ದಿದ. ಬೇಸರವಿಲ್ಲದೆ, ಜೋರು ಮಾಡದೆ, ಜಾರಿದ ಹೊದಿಕೆ ಸರಿಪಡಿಸಿದಂತೆ.

ನಂತರದ ವರ್ಷಗಳು ನನ್ನ ಬದುಕಿನ ಒಳ್ಳೆಯ ವರ್ಷಗಳು. ಅವನ ಬೆರಳು ಹಗುರಾಯಿತು. ನನ್ನನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡದೆ ಯಾರ ಮೈಗೂ ಮುಟ್ಟಿಸುತ್ತಿರಲಿಲ್ಲ. ಒಮ್ಮೆ ಆಪರೇಷನ್ ಆದ ಹುಡುಗಿಯ ಬಿಪಿ ಇಳಿಯುತ್ತಿದೆಯೆಂದು ಅವನು ಫೋನ್ ಮಾಡಿದಾಗ ನಸೀಮಾ “ಇನ್ನೊಮ್ಮೆ ನೋಡಿ” ಎನ್ನಲಿಲ್ಲ, ಓಡಿ ಬಂದರು. ನನ್ನ ಹಳೆಯ ಒಡತಿ ನನ್ನ ಹೊಸ ಒಡೆಯನ ಕಿವಿಯನ್ನು ನಂಬಿದ್ದಳು. ಹುಡುಗಿ ಉಳಿದಳು.

ಈಗ ನನ್ನ ಕೊಳವೆ ಬೆವರು ಕುಡಿದು ಕಲ್ಲಾಗಿದೆ, ಮಡಿಸಿದರೆ ಬಿರುಕು ಬಿಡುತ್ತದೆ. ಡ್ಯೂಟಿ ರೂಮಿನ ಮೊಳೆಗೆ ತೂಗುತ್ತಿದ್ದೇನೆ. ನೂರಾರು ಎದೆ ಕೇಳಿದ ನನಗೆ ಇಲ್ಲಿನ ಸುಮ್ಮನಿರುವಿಕೆ ಹಿತವಾಗಿದೆ. ಎದೆಗಳು ಮಾತಾಡುವುದಿಲ್ಲ, ಬರೀ ಕೆಲಸ ಮಾಡುತ್ತವೆ. ಅದು ಗೊತ್ತಾಗಲು ನನಗೂ ಹೊತ್ತು ಹಿಡಿಯಿತು.

ಮೊನ್ನೆ ದ್ಯಾಮಣ್ಣನ ಊರಿನಿಂದ ಮೆಡಿಕಲ್ ಶಾಪಿನ ಗುರುಪಾದ ಬಂದಿದ್ದ. ಅವನು ಮೇಜಿನ ಮೇಲೆ ಪೆಟ್ಟಿಗೆ ತೆರೆದು ಹೊಸ ಸ್ಟೆತೋಸ್ಕೋಪ್ ಇಟ್ಟ. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ನಿಜ ಹೇಳಬೇಕೆಂದರೆ, ಚೆಂದವಿತ್ತು.

“ಅಂಗಡಿ ಬಾಜೂ ಖೋಲಿ ಸುಣ್ಣ ಹೊಡಿಸೀನಿ. ಸುತ್ತ ಎಲ್ಲೂ ದವಾಖಾನಿ ಇಲ್ಲ. ಮಂದಿಗೂ ಉಪಕಾರ ಆಗ್ತದ. ನೀ ಬಂದು ಕುಂತ್ರ ಸಾಕು. ಹೆಸರಿನ ಮುಂದ ‘ಡಾ.’ ಅಂತ ಬೋರ್ಡ್ ಬರಿಸಿಬಿಟ್ಟೀನಿ.”

ದ್ಯಾಮಣ್ಣ ಔಷಧಿಯ ಟ್ರೇ ಜೋಡಿಸುತ್ತಿದ್ದ.

“ಇಲ್ಲಿ ಎಷ್ಟು ವರ್ಷ ದುಡದ್ರೂ ಗುತ್ತಿಗಿ ನೌಕರಿ. ಅಲ್ಲಿ ನಿನ್ನ ಸರ್ಟಿಫಿಕೇಟು ಯಾರು ಕೇಳ್ತಾರ? ನಿಮ್ಮವ್ವನ್ನ ಕೇಳೇ ಬಂದೀನಿ. ಆಕಿ ಬೋರ್ಡ್ ನೋಡಿ ಅತ್ತುಬಿಟ್ಲು.”

ಟ್ರೇ ಮೇಲಿನ ಕೈ ನಿಂತಿತು. ಅವ್ವನ ಮಾತು ಅವನ ಮುಖದ ಮೇಲೆ ಬಂದು ಹೋದದ್ದು ಮೊಳೆಯ ಮೇಲಿದ್ದ ನನಗೂ ಕಂಡಿತು. ಗುರುಪಾದ ಅದನ್ನು ಒಪ್ಪಿಗೆಯೆಂದುಕೊಂಡು, ಹೊಸ ಸ್ಟೆತೋಸ್ಕೋಪನ್ನು ಎತ್ತಿ ಅವನ ಕೊರಳಿಗೆ ಹಾಕಲು ಹೋದ.

ದ್ಯಾಮಣ್ಣ ಒಂದು ಹೆಜ್ಜೆ ಹಿಂದೆ ಸರಿದ.

“ಒಲ್ಲೆ,” ಎಂದ.