ಕೆಂಪು ಬಾಯಿಯ ಪ್ರಾಣಿ

ಇದನ್ನು ಹೇಳಬಹುದೇ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ. ಕಾಯಿಲೆಯವರ ಮೈಯ ವಿಷಯ, ಮರೆಯಲ್ಲಿರಬೇಕಾದದ್ದು. ಊಟ ಮಾಡುತ್ತ ಓದುವ ಅಭ್ಯಾಸವಿರುವವರು ದಯವಿಟ್ಟು ಕೈತೊಳೆದುಕೊಂಡು ಬನ್ನಿ. ಆಮೇಲೂ ತಪ್ಪೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಲೋ, ಚೀಲ ಬಿಟ್ಕೊಂಡಿದೆ," ಎಂದು ಅಕ್ಕ ಒಳಕೋಣೆಯಿಂದ ಕೂಗಿದಾಗ ತಮ್ಮ ಬೇರೊಂದು ಗ್ರಹದಲ್ಲಿದ್ದ. ಅವನ ನಾಯಕ ಕೆಸರಿನ ಅಂಚಿನಲ್ಲಿ ಪಂಜು ಹಿಡಿದು ನಿಂತಿದ್ದ. ಸಂಜೆಯೊಳಗೆ ಕಥೆ ವಾರಪತ್ರಿಕೆಗೆ ಹೋಗಬೇಕಿತ್ತು. ಕೇಳಿಸದವನಂತೆ ಇನ್ನೊಂದು ಸಾಲು ಬರೆದ. ಅಷ್ಟರಲ್ಲಿ ವಾಸನೆಯೇ ಎದ್ದು ಅವನಿದ್ದಲ್ಲಿಗೆ ಬಂತು.

ಅಕ್ಕ ಬಸ್ ಕಂಡಕ್ಟರ್ ಆಗಿದ್ದವಳು. ಕರುಳಿನ ರೋಗದ ಭಾಗವನ್ನು ಕತ್ತರಿಸಿ ತೆಗೆದ ಡಾಕ್ಟರು ಉಳಿದ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದಿದ್ದರು. ಮಲ ಬರುವುದು ಇನ್ನು ಅಲ್ಲಿಂದಲೇ, ಅದರ ಮೇಲೆ ಅಂಟಿಸಿದ ಚೀಲಕ್ಕೆ. ಆ ಚೀಲ ಬದಲಿಸುವುದು ತಮ್ಮನ ಹೆಂಡತಿಯ ಪಾಲಿಗೆ ಬಂದಿತ್ತು. ಯಾರೂ ಒಪ್ಪಿಸಿದ್ದಲ್ಲ, ಅವನು ಹಿಂದೆ ಸರಿದ, ಅವಳು ಮುಂದೆ ಬಂದಳು, ಅಷ್ಟೇ. ಈಗ ಅವಳು ಕೆಲಸಕ್ಕೆ ಹೋಗಿದ್ದಳು.

ಅವನು ಆ ಕರುಳಿನ ತುದಿಯನ್ನು ಒಂದೇ ಸಲ ನೋಡಿದ್ದ, ಅದೂ ಬಾಗಿಲ ಸಂದಿಯಿಂದ. ಒದ್ದೆಯಾದ, ಕೆಂಪಾದ, ಹಲ್ಲಿಲ್ಲದ ಬಾಯಿಯಂಥದ್ದು ತನ್ನಷ್ಟಕ್ಕೆ ತಾನೇ ಮುದುಡಿ ಅರಳುತ್ತಿತ್ತು. ಆ ವಾರವೇ ಅದಕ್ಕೆ ನಾಲ್ಕು ಕಾಲು, ಒಂದು ಬಾಲ ಹಚ್ಚಿ ದೂರದ ಗ್ರಹದ ಕೆಸರಿಗೆ ಬಿಟ್ಟ. ಕಂಡ ಗಗನಯಾತ್ರಿಗಳೆಲ್ಲ ವಾಂತಿ ಮಾಡಿಕೊಂಡರು. ನಾಯಕ ಅದನ್ನು ಸುಟ್ಟು ಬೂದಿ ಮಾಡಿದ. ಓದುಗರು ಮುಗಿಬಿದ್ದರು. "ಆ ಪ್ರಾಣಿ ಮತ್ತೆ ಬರಲಿ ಸಾರ್. ಇನ್ನೂ ಸ್ವಲ್ಪ ಅಸಹ್ಯ ಮಾಡಿ," ಎಂದು ಸಂಪಾದಕರು ಫೋನ್ ಮಾಡಿದ್ದರು.

ಶಾಲೆಯ ದಿನದಿಂದಲೂ ಅವನ ಕಥೆಗಳನ್ನು ಮೊದಲು ಕೇಳುತ್ತಿದ್ದವಳು ಅಕ್ಕ. ಆ ಕಥೆಯೊಂದನ್ನು ಮಾತ್ರ ಅವನು ಅವಳಿಗೆ ಓದಿ ಹೇಳಲಿಲ್ಲ. ಪತ್ರಿಕೆ ಬಂದಾಗ ಅಟ್ಟಕ್ಕೆ ಎಸೆದ. ಅವಳೂ ಕೇಳಲಿಲ್ಲ.

ಈಗ ಅವನು ಬಿಸಿನೀರಿನ ಬೋಗುಣಿ ಹಿಡಿದು ಹೊಸ್ತಿಲಲ್ಲೇ ನಿಂತ. ಹೊದಿಕೆ, ಲಂಗದ ಅಂಚು, ಹಾಸಿಗೆಯ ಒಂದು ಮಗ್ಗುಲು ಎಲ್ಲ ತೊಯ್ದಿದ್ದವು.

"ಅವಳಿಗೆ ಫೋನ್ ಮಾಡ್ಲಾ? ಬೇಗ ಬರ್ತಾಳೆ."

"ಅಲ್ಲೀವರೆಗೆ ನಾನು ಇದ್ರಲ್ಲೇ ಈಜ್ತಾ ಇರ್ಲಾ? ಬಾಗಿಲಲ್ಲಿ ನೇತಾಡ್ಬೇಡಪ್ಪ, ಒಳಗೆ ನಡಿ. ಒಳಗೆಲ್ಲ ಖಾಲಿ ಇದೆ."

ಅವನು ಬಾಯಿಂದ ಉಸಿರಾಡುತ್ತ ಬಗ್ಗಿದ. ಮೂಗು ಮುಚ್ಚಿದ್ದೇ ತಪ್ಪಾಯಿತು. ವಾಸನೆ ನಾಲಿಗೆಯ ಮೇಲೆ ಕೂತಿತು.

"ಮೇಲಿಂದ ಕೆಳಗೆ ಬಿಡಿಸು. ಇನ್ನೊಂದು ಕೈಲಿ ಚರ್ಮ ಒತ್ತಿ ಹಿಡ್ಕೋ. ಗೋಡೆ ಮೇಲಿನ ಪೋಸ್ಟರಾ ಇದು, ಹಾಗೆ ಕೀಳೋಕೆ?"

ಚೀಲ ಕೈಗೆ ಬಂತು. ಬೆಚ್ಚಗಿತ್ತು. ಬೆಚ್ಚಗಿದ್ದದ್ದೇ ಅವನಿಗೆ ತಡೆಯಲಾಗಲಿಲ್ಲ. ಕಿಟಕಿಯ ಕಡೆ ತಿರುಗಿ ಎರಡು ಸಲ ಓಕರಿಸಿದ. ಏನೂ ಬರಲಿಲ್ಲ.

"ಆಯ್ತಾ? ಈಗ ಸರಿಯಾಗಿ ನೋಡು. ಹೋದ ಸಲ ಅವಸರದಲ್ಲಿ ನೋಡಿದೀಯ."

ಅವನ ಕೈ ನೀರಿನಲ್ಲೇ ನಿಂತಿತು.

"ನಾಲ್ಕು ಕಾಲು ಹಚ್ಚಿಬಿಟ್ರೆ ನನಗೆ ಗುರುತು ಸಿಗಲ್ಲ ಅಂದ್ಕೊಂಡ್ಯಾ? ನಿನ್ನ ಹೆಂಡತಿ ಹತ್ರ ತೆಗೆಸ್ಕೊಂಡು ಓದ್ದೆ."

"ಅಕ್ಕಾ, ಅದು…"

"ಬರೆದಿದ್ದಕ್ಕೆ ಬೇಜಾರಿಲ್ಲ ಕಣೋ. ಅಪ್ಪನ ಬೋಳುತಲೆನೇ ಒಂದು ಗ್ರಹ ಮಾಡಿದೋನು ನೀನು. ಆದ್ರೆ ಸುಟ್ಟಿದ್ಯಾಕೆ? ಪಾಪ, ಅದು ಕೆಸರಲ್ಲಿ ತನ್ನ ಪಾಡಿಗೆ ತಾನಿತ್ತು."

"ಓದೋರಿಗೆ ಹಾಗೇ ಬೇಕು…"

"ಓದೋರ ತಲೆ. ಮೊದ್ಲು ಒರೆಸು."

ಒರೆಸಿದ. ಬಟ್ಟೆ ಹಿಂಡಿ ಮತ್ತೆ ಒರೆಸಿದ. ಅದು ಅವನ ಕಣ್ಣೆದುರೇ ಮುದುಡಿತು, ಸಡಿಲಾಯಿತು. ಇಷ್ಟು ವರ್ಷ ತಾನು ಸೃಷ್ಟಿಸಿದ ಅನ್ಯಲೋಕದವರೆಲ್ಲ ನೆನಪಾದರು: ದೊಡ್ಡ ತಲೆಯವರು, ಹೊಳೆಯುವ ಕಣ್ಣಿನವರು, ತಪ್ಪಿಲ್ಲದ ಭಾಷೆಯಲ್ಲಿ ಶಾಂತಿಯ ಭಾಷಣ ಮಾಡುವವರು. ಅವರಲ್ಲಿ ಒಬ್ಬನೂ ಉಂಡವನಲ್ಲ, ಒಬ್ಬನೂ ಕಕ್ಕಸಿಗೆ ಹೋದವನಲ್ಲ. ನಿಜವಾಗಿ ಯಾರಾದರೂ ಆಕಾಶದಿಂದ ಇಳಿದು ಬಂದರೆ ಈ ಕೋಣೆಯಲ್ಲಿ ಅವರಿಗೆ ಕಾಣುವುದೇನು? ಎರಡು ಕೊಳವೆಗಳು. ಒಂದರ ತುದಿ ಹೊಟ್ಟೆಯ ಮೇಲೆ, ಇನ್ನೊಂದರದು ಪ್ಯಾಂಟಿನೊಳಗೆ. ಪ್ಯಾಂಟು ತೊಟ್ಟ ಕೊಳವೆ ಹೇಸಿಕೊಂಡು ಮುಖ ತಿರುಗಿಸುತ್ತಿದೆ. ಆ ಕಥೆ ಬರೆಯುವಾಗ ಕೈ ಎಷ್ಟು ಹುರುಪಿನಿಂದ ಓಡಿತ್ತು ಎಂಬುದೂ ನೆನಪಾಯಿತು. ಮತ್ತೆ ಓಕರಿಕೆ ಬಂತು. ಈ ಸಲ ವಾಸನೆಯಿಂದಲ್ಲ.

ಹೊಸ ಚೀಲದ ಅಂಟುಬಿಲ್ಲೆಯಲ್ಲಿ ಅವಳು ಹೇಳಿದ ಅಳತೆಗೆ ತೂತು ಕತ್ತರಿಸಿದ. ಚರ್ಮ ಒಣಗಿಸಿ ಅಂಟಿಸಿದ. ಕೈ ತೆಗೆಯಲು ಹೋದಾಗ ಅಕ್ಕ ತಡೆದಳು.

"ಅಂಗೈ ಇಟ್ಟೇ ಇರು. ಕೈ ಕಾವು ಹತ್ತಿದ್ರೇನೇ ಅದು ಹಿಡಿಯೋದು. ನಾನು ಹೇಳಿದ್ಮೇಲೆ ತೆಗಿ."

ಅವನು ಮಂಚದ ಅಂಚಿನಲ್ಲಿ ಕೂತು ಅಂಗೈ ಇಟ್ಟ. ತೆಳುವಾದ ಚೀಲದಡಿಯಲ್ಲಿ ಅದು ಅಲುಗಿತು. ಬೆರಳುಗಳು ತಾವಾಗಿಯೇ ಮೇಲೆದ್ದವು. ಒಂದು ಗಳಿಗೆ ಹಾಗೇ ಇದ್ದು, ಮತ್ತೆ ಕೆಳಗಿಳಿದವು.

"ಈಗ ಬರೀತಿರೋ ಕಥೆಯಲ್ಲೂ ಅದನ್ನ ಸುಡ್ತಾನೇನೋ ನಿನ್ನ ನಾಯಕ?" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

ಹೊರಗಿನ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಹಾಳೆಗಳು ಏಳುತ್ತ ಬೀಳುತ್ತ ಇದ್ದವು. ಫೋನು ಹೊಡೆದುಕೊಂಡು ತಾನೇ ಸುಮ್ಮನಾಯಿತು. ಬೋಗುಣಿಯ ನೀರು ತಣ್ಣಗಾಯಿತು. ಬಿಲ್ಲೆ ಎಂದೋ ಹಿಡಿದಿತ್ತು. ಅಕ್ಕ ಮಾತ್ರ ತೆಗಿ ಎನ್ನಲಿಲ್ಲ, ಅವನೂ ಕೇಳಲಿಲ್ಲ.

ಅವಳಿಗೆ ನಿದ್ದೆ ಬಂದಿತ್ತೋ, ಬೇಕೆಂದೇ ಸುಮ್ಮನಿದ್ದಳೋ ನನಗೆ ಗೊತ್ತಿಲ್ಲ. ಕೆಸರಿನ ಅಂಚಿನಲ್ಲಿ ಪಂಜು ಹಿಡಿದು ನಿಂತವನು ಏನು ಮಾಡಿದನೆಂಬುದೂ ಗೊತ್ತಿಲ್ಲ.