ಹೊಸ ಹೆಲ್ಮೆಟ್ಟಿನಲ್ಲಿ ಹಳೇ ಕೆನ್ನೆ

ನಮ್ಮನೆಯವರು ಟೋಪಿ ಹೊಲಿಯುವವರು. ಹಾಗೆಂದರೆ ಸಾಕು, ಊರಿಗೆಲ್ಲ ಟೋಪಿ ಹಾಕುವವರು ಎಂದು ಜನ ನಗುತ್ತಾರೆ. ಈ ತಮಾಷೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಕಾವಲುಗಾರರಿಗೆ, ಬ್ಯಾಂಡಿನವರಿಗೆ, ಕಾರ್ಖಾನೆಯವರಿಗೆ ಬೇಕಾದ ಟೋಪಿಗಳೆಲ್ಲ ನಮ್ಮ ಮುಂದಿನ ಕೋಣೆಯಲ್ಲೇ ತಯಾರಾಗುತ್ತವೆ. ನಮ್ಮನೆಯವರು ಅಳೆದು ಕತ್ತರಿಸುತ್ತಾರೆ, ನಾನು ಒಳಪಟ್ಟಿ ಹೊಲಿಯುತ್ತೇನೆ. ಯಾರೇ ಎದುರಿಗೆ ಬಂದರೂ ಇವರು ಮೊದಲು ನೋಡುವುದು ಮುಖವನ್ನಲ್ಲ, ತಲೆಯ ಸುತ್ತಳತೆಯನ್ನು. ಆಮೇಲೆ ನೋಡುವುದು, ಈ ಮನುಷ್ಯ ನನಗೆ ಎಲ್ಲಿ ಮೋಸ ಮಾಡಬಹುದು ಎಂದು. ಹಾಲಿನವನು ನಗುತ್ತಾ ಬಂದರೆ ಹಾಲಿಗೆ ನೀರು ಬಿದ್ದಿದೆ ಎನ್ನುತ್ತಾರೆ. ಸಪ್ಪೆ ಮುಖ ಹಾಕಿಕೊಂಡು ಬಂದರೆ ಸಿಕ್ಕಿಬೀಳುವ ಭಯ ಎನ್ನುತ್ತಾರೆ. ಇಂಥವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿಯೂ ಆ ಚಾಳಿ ನನಗೆ ಅಂಟಿಲ್ಲ ಎಂದುಕೊಂಡಿದ್ದೆ.

ನಮ್ಮ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಗುವುದರಲ್ಲಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಾಳೆ. ಸಂಬಂಧ ತಂದವನು ನನ್ನ ತಮ್ಮ. ಹುಡುಗ ಲಿಫ್ಟ್ ರಿಪೇರಿ ಮಾಡುವವನು, ಮೆಲುಮಾತಿನವನು. ಮೊದಲ ಸಲ ಬಂದಾಗಲೇ ತಾನು ಕುಡಿದ ಚಹಾದ ಲೋಟವನ್ನು ತಾನೇ ತೊಳೆದಿಟ್ಟ. ನಾನು ಅಲ್ಲೇ ಸೋತುಹೋದೆ. ಮಗಳನ್ನು ಕೇಳಿದರೆ ನೆಲ ನೋಡುತ್ತಾ, "ನೀವು ಹೇಗೆ ಹೇಳ್ತೀರೋ ಹಾಗೆ," ಎಂದಳು. ಹುಟ್ಟಿದಾಗಿನಿಂದ ನಾವು ಹೇಳಿದ ಹಾಗೆ ಒಂದು ಲೋಟ ಹಾಲು ಕುಡಿದವಳಲ್ಲ. ಅನುಮಾನ ಪಡಬೇಕಾದದ್ದು ಅಲ್ಲಿ, ಅಲ್ಲಿ ನಾವಿಬ್ಬರೂ ಪಡಲಿಲ್ಲ.

ಭಾನುವಾರ ಹುಡುಗ ಅವಳನ್ನು ಬೈಕಿನಲ್ಲಿ ತನ್ನ ತಾಯಿಯ ಮನೆಗೆ ಕರೆದುಕೊಂಡು ಹೋಗುವುದು, ಅದಾದ ಮೇಲೆ ನಮ್ಮನೆಯವರು ಒಪ್ಪಿಗೆ ಕೊಡುವುದು ಎಂದು ಮಾತಾಗಿತ್ತು. "ಹೆಲ್ಮೆಟ್ ಇಲ್ದೆ ನನ್ನ ಮಗಳು ಬೈಕ್ ಹತ್ತಲ್ಲ," ಎಂದು ಇವರು ಪಟ್ಟು ಹಿಡಿದರು. ಅದು ನ್ಯಾಯದ ಮಾತೇ.

ಶುಕ್ರವಾರ ಮೂವರೂ ಹೆಲ್ಮೆಟ್ ಅಂಗಡಿಗೆ ಹೋದೆವು. ಮಗಳಿಗೆ ಅಪ್ಪನ ತಲೆಯೇ ಬಂದಿದೆ: ಅಕ್ಕಪಕ್ಕ ಚಪ್ಪಟೆ, ಹಿಂದಕ್ಕೆ ಉದ್ದ. ಅಂಗಡಿಯವನು ಒಂದೊಂದಾಗಿ ಇಳಿಸಿದ. ಒಂದು ಹಣೆಗೆ ಒತ್ತಿತು. ಅದಕ್ಕಿಂತ ದೊಡ್ಡದು, ಅವಳು ಎಡಕ್ಕೆ ತಿರುಗಿದರೂ ತಾನು ನೇರ ನೋಡುತ್ತಾ ಕೂತಿತು. ಇನ್ನೊಂದು ಕಿವಿ ಮಡಚಿತು.

"ಹೊಸದು ಕೆನ್ನೆಗೆ ಬಿಗಿಯಾಗೇ ಇರ್ಬೇಕು ಸಾರ್. ಹಾಕ್ತಾ ಹಾಕ್ತಾ ಒಳಗಿನ ಮೆತ್ತೆ ಮುಖಕ್ಕೆ ಒಗ್ಗುತ್ತೆ," ಎಂದ ಅಂಗಡಿಯವನು.

"ನನಗೇ ಪಾಠ ಹೇಳ್ತೀಯಾ? ಮಾರಾಟವಾಗದ ಮಾಲನ್ನ ನಮ್ಮ ತಲೆಗೆ ಕಟ್ಟೋಕೆ ನೋಡ್ತಿದೀಯ," ಎಂದು ಇವರು ಎದ್ದು ಬಂದರು.

ಶನಿವಾರ ಸಂಜೆ ಹುಡುಗ ಒಂದು ಕೆಂಪು ಹೆಲ್ಮೆಟ್ ಹಿಡಿದು ಬಂದ. ಫಳಫಳ ಹೊಳೆಯುತ್ತಿತ್ತು. "ಹೊಸದು ಅಂಕಲ್, ಪರಿಚಯದವರ ಅಂಗಡೀದು. ಆಗುತ್ತಾ ನೋಡಿ," ಎಂದ. ಮಗಳು ಪಟ್ಟಿಗಳನ್ನು ಎರಡೂ ಕಡೆ ಎಳೆದು ತಲೆ ತೂರಿಸಿದಳು. ಸಲೀಸಾಗಿ ಇಳಿದು ಕೂತಿತು. ತಲೆ ಅಲ್ಲಾಡಿಸಿದರೆ ಅದೂ ಜೊತೆಯಲ್ಲೇ ಅಲ್ಲಾಡಿತು. "ಆರಾಮಾಗಿದೆ," ಎಂದಳು. ಸದ್ಯ, ಒಂದು ತಲೆನೋವು ಕಳೆಯಿತು ಎಂದು ನನಗೆ ಹಿಗ್ಗೋ ಹಿಗ್ಗು. ನಮ್ಮನೆಯವರ ನಗು ಮಾತ್ರ ಅರ್ಧಕ್ಕೇ ನಿಂತಿತ್ತು. "ಇಲ್ಲೇ ಇರ್ಲಿ ಬಿಡಪ್ಪ, ಒರೆಸಿ ಇಡ್ತೀನಿ," ಎಂದರು.

ಹುಡುಗ ಹೋದ, ಮಗಳು ಸ್ನಾನಕ್ಕೆ ಹೋದಳು. ಇವರು ಕೋಣೆಯ ಬಾಗಿಲು ಹಾಕಿ ಹೆಲ್ಮೆಟ್ಟನ್ನು ಕತ್ತರಿಸುವ ಮೇಜಿನ ಮೇಲೆ ಅಂಗಾತ ಇಟ್ಟರು.

"ಹೊಸ ಟೋಪಿ ಮೊದಲ ದಿನವೇ ಹೀಗೆ ಕೂತಿದ್ದು ಯಾವತ್ತಾದ್ರೂ ನೋಡಿದೀಯಾ?"

"ಅವಳ ಅದೃಷ್ಟ ಕಣ್ರೀ."

"ಅದೃಷ್ಟ ಬಂದು ಮೆತ್ತೆ ಅಮುಕಲ್ಲ."

ಕೆನ್ನೆಯ ಮೆತ್ತೆಗಳನ್ನು ಕಿತ್ತು ದೀಪದ ಕೆಳಗಿಟ್ಟರು. ಎಡಗಡೆಯದು ಹೆಚ್ಚು ತಗ್ಗಿತ್ತು, ಬಲಗಡೆಯದು ಕಡಿಮೆ. ಹಣೆಯ ಪಟ್ಟಿ ನುಣ್ಣಗೆ ಸವೆದಿತ್ತು. ಒಳಪಟ್ಟಿ ಹೊಲಿದು ಹೊಲಿದು ನನಗೂ ಅಷ್ಟು ಗೊತ್ತು. ವರ್ಷದ ಬೆವರು ಕುಡಿಯದೆ ಬಟ್ಟೆಗೆ ಆ ಸವೆತ ಬರುವುದಿಲ್ಲ. ಸಂದಿಯಿಂದ ಒಂದು ಕೂದಲು ಎಳೆದರು. ಕಪ್ಪಗೆ, ಉದ್ದಕ್ಕಿತ್ತು.

"ಹೆಂಗಸು," ಎಂದರು. ಆಮೇಲೆ ಬಾಯಿಯ ಹತ್ತಿರದ ಗಾಳಿಕಿಂಡಿಗೆ ಸೂಜಿ ಹಾಕಿ ಕೆದಕಿದರು. ಸತ್ತ ಹುಳುಗಳ ರೆಕ್ಕೆಗಳು ಉದುರಿದವು. "ನೋಡು. ಹಿಂದೆ ಕೂತವಳಿಗೆ ಇಷ್ಟೊಂದು ಹುಳ ಬಡಿಯಲ್ಲ. ಗಾಡಿ ಓಡಿಸ್ತಿದ್ದವಳೇ ಅವಳು."

ಕೊನೆಗೆ ಒಳಗೆ ಟೇಪು ಸುತ್ತಿ ಅಳೆದರು. "ಅಳತೆ ನಮ್ಮ ಪುಟ್ಟೀದೇ," ಎಂದರು. "ಅಂದ್ರೆ ಇವನಿಗೆ ಈ ಅಳತೆಯೇ ಬೇಕು. ಅವಳು ಕೈಕೊಟ್ಟಿದಾಳೆ, ಅದೇ ಅಳತೆಯ ಇನ್ನೊಬ್ಬಳನ್ನ ಹುಡುಕ್ಕೊಂಡಿದಾನೆ."

ಬೇರೆ ಮನೆಯಾಗಿದ್ದರೆ ಈ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಮನುಷ್ಯರನ್ನು ಅಳತೆಯ ಮೇಲೇ ನೆನಪಿಟ್ಟುಕೊಳ್ಳುವ ನಮ್ಮ ಮನೆಯಲ್ಲಿ ಅದು ವೇದವಾಕ್ಯದಂತೆ ಕೇಳಿಸಿತು. ಇವರು ನನ್ನ ತಲೆಗೂ ಹುಳ ಬಿಟ್ಟಾಗಿತ್ತು. ಹೊಸದು ಎಂದು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದನಲ್ಲ! ಲೋಟ ತೊಳೆದದ್ದೂ ನಾಟಕವೇ ಇರಬೇಕು ಅನಿಸಿತು. ರಾತ್ರಿ ಊಟಕ್ಕೆ ಕೂತಾಗ ಏನೂ ತಿಳಿಯದ ಮಗಳ ಮುಖ ನೋಡಿ ನನಗೆ ಅಳು ಒತ್ತರಿಸಿ ಬಂತು.

ಭಾನುವಾರ ಬೆಳಿಗ್ಗೆ ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಇವರು ಅವನಿಗೆ ಕೂರಲೂ ಹೇಳಲಿಲ್ಲ. ಮೆತ್ತೆ, ಕೂದಲು, ರೆಕ್ಕೆ ಎಲ್ಲವನ್ನೂ ಮೇಜಿನ ಮೇಲೆ ಹರಡಿ ವಕೀಲರ ಹಾಗೆ ವಾದ ಮಂಡಿಸಿದರು. ಮಗಳು ಗೋಡೆಗೆ ಒರಗಿ ನಿಂತಿದ್ದಳು.

"ಯಾರಪ್ಪ ಅವಳು?" ಎಂದು ಮುಗಿಸಿದರು.

 ಹುಡುಗ ಒಮ್ಮೆ ಮಗಳ ಕಡೆ ನೋಡಿ ತಲೆ ತಗ್ಗಿಸಿದ. ಅವನ ಮೌನ ನನ್ನ ಪಿತ್ತವನ್ನು ನೆತ್ತಿಗೇರಿಸಿತು.

"ಇವನನ್ನೇನ್ ಕೇಳ್ತೀರಿ? ಅವಳನ್ನ ಹೆತ್ತವರನ್ನ ಕೇಳ್ಬೇಕು," ಎಂದು ನಾನು ಬಾಯಿಗೆ ಬಂದ ಹಾಗೆ ಶುರುಮಾಡಿದೆ. "ವಯಸ್ಸಿಗೆ ಬಂದ ಹುಡುಗಿ ಊರೆಲ್ಲ ಬೈಕ್ ಓಡಿಸ್ಕೊಂಡು ಗಂಡಸಿನ ಜೊತೆ ತಿರುಗ್ತಿದ್ರೆ ಅವರಪ್ಪ ಅಮ್ಮ ಏನ್ ಮಾಡ್ತಿದ್ರು? ನಾಚಿಕೆ ಇಲ್ಲದವಳು! ಅಂಥವಳು ಎಂಜಲು ಮಾಡಿದ ಹೆಲ್ಮೆಟ್ಟು ನನ್ನ ಮಗಳ ತಲೆಗಾ?"

"ಈ ಸಂಬಂಧ ಬೇಡ. ಹೊರಡಪ್ಪ," ಎಂದರು ನಮ್ಮನೆಯವರು.

ಹುಡುಗ ನಿಜವಾಗಿಯೂ ಬಾಗಿಲ ಕಡೆ ತಿರುಗಿದ. ಆಗ ಮಗಳು ಮೇಜಿನ ಹತ್ತಿರ ಬಂದಳು. ಮೆತ್ತೆಗಳನ್ನು ಪಟಪಟನೆ ಒಳಗೆ ಕೂರಿಸಿದಳು. ನೋಡದೆಯೇ, ಯಾವುದು ಎಡ ಯಾವುದು ಬಲ ಎಂದು ಕೈಗೇ ಗೊತ್ತಿರುವವರ ಹಾಗೆ. ಹೆಲ್ಮೆಟ್ ಹಾಕಿಕೊಂಡು ಗಾಜು ಮೇಲೆತ್ತಿ ಅಪ್ಪನ ಎದುರು ನಿಂತಳು.

"ಮುಖ ನೋಡಿ ಅಪ್ಪ. ಅಳತೆ ನೋಡಿದ್ದು ಸಾಕು."

ಅವಳ ಎಡಗೆನ್ನೆ ಚಿಕ್ಕಂದಿನಿಂದಲೂ ಒಂದು ಚೂರು ಉಬ್ಬು. ಅದನ್ನು ಮುದ್ದಿಸಿ ಬೆಳೆಸಿದವಳು ನಾನು. ಎಡಗಡೆಯ ಮೆತ್ತೆ ಹೆಚ್ಚು ತಗ್ಗಿದ್ದು ಅದಕ್ಕೇ.

"ಆ ನಾಚಿಕೆ ಇಲ್ಲದವಳು ನಾನೇ," ಎಂದಳು. "ಇದನ್ನ ತಲೆಗೆ ಒಗ್ಗಿಸೋಕೆ ತಿಂಗಳುಗಟ್ಟಲೆ ಹಣೆ ನೋಯಿಸ್ಕೊಂಡಿದೀನಿ. ಬೆಳಿಗ್ಗೆ ಇವನು ರಸ್ತೆ ತಿರುವಿಗೆ ಗಾಡಿ ತರ್ತಾನೆ. ಕೆಲಸಕ್ಕೆ ಹೋಗ್ತಾ ಬರ್ತಾ ನಾನೇ ಓಡಿಸ್ತೀನಿ, ಇವನು ಹಿಂದೆ ಕೂರ್ತಾನೆ. ಹೊಸದು ಅಂತ ಹೇಳು ಅಂದವಳೂ ನಾನೇ. ಸಂಬಂಧ ತಗೊಂಡು ಹೋಗಿ ಅಂತ ಮಾವನ ಕಾಲು ಹಿಡಿದವಳೂ ನಾನೇ." ನಮ್ಮೆದುರು ಅವನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಆಮೇಲೆ ನನ್ನ ಕಡೆ ತಿರುಗಿದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಅವರಪ್ಪ ಅಮ್ಮ ಏನ್ ಮಾಡ್ತಿದ್ರು ಅಂತ ಕೇಳಿದ್ಯಲ್ಲಮ್ಮ. ಬಸ್ ಟಿಕೆಟ್ ನೋಡ್ತಿದ್ರು. ಮಗಳು ಮನೆಗೆ ಬಂದ ತಕ್ಷಣ ಟಿಕೆಟ್ ಇಸ್ಕೊಂಡು, ಎಷ್ಟು ಹೊತ್ತಿಗೆ ಹತ್ತಿದಾಳೆ ಅಂತ ದೀಪದ ಕೆಳಗೆ ಹಿಡಿದು ನೋಡ್ತಿದ್ರು. ಅದು ಅಂಗಡೀಲಿ ನನ್ನ ಪಕ್ಕದ ಮೇಜಿನವಳ ಟಿಕೆಟ್ಟು."

ಆಡಿದ ಮಾತನ್ನು ನಾನು ನುಂಗುವ ಹಾಗಿರಲಿಲ್ಲ. ನಮ್ಮನೆಯವರು ಮೇಜಿನ ಮೇಲಿನ ರೆಕ್ಕೆಗಳನ್ನು ಅಂಗೈಯಿಂದ ಬಳಿದು ಒಟ್ಟು ಮಾಡುತ್ತಾ, "ಅವರ ತಾಯಿ ಕಾಯ್ತಿರ್ತಾರೆ. ಹೋಗ್ಬನ್ನಿ," ಎಂದಷ್ಟೇ ಅಂದರು. ಮಗಳು ಹುಡುಗನ ಜೊತೆ ಇಳಿದು ಹೋದಳು.

ಮಧ್ಯಾಹ್ನ ಇವರು ನನ್ನ ತಮ್ಮನಿಗೆ ಫೋನು ಮಾಡಿದರು. ಬೈಯುತ್ತಾರೆ ಎಂದುಕೊಂಡೆ. "ನಮ್ಮ ಒಪ್ಪಿಗೆ ಇದೆ ಅಂತ ಅವರಿಗೆ ಹೇಳಿಬಿಡು," ಎಂದರು. ಅಲ್ಲಿಂದ ಸಂಜೆಯವರೆಗೆ ಒಂದು ಟೋಪಿಯನ್ನೂ ಕತ್ತರಿಸಲಿಲ್ಲ, ಕಿಟಕಿ ಬಿಟ್ಟು ಕದಲಲಿಲ್ಲ. ಅವಳು ಬರದೇ ಹೋದರೆ ಎಂಬ ಭಯ ಇಬ್ಬರಿಗೂ ಇತ್ತು.

ಬೀದಿದೀಪ ಹತ್ತುವ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಬೈಕು ಬಂದು ನಿಂತಿತು. ಓಡಿಸುತ್ತಿದ್ದವಳು ಅವಳೇ. ಕೆಳಗಿಳಿದು ಹೆಲ್ಮೆಟ್ ತೆಗೆದು ಅವನ ಕೈಗೆ ಕೊಟ್ಟಳು. ಕೂದಲು ಸರಿಮಾಡಿಕೊಂಡಳು. ಬ್ಯಾಗನ್ನು ಹೆಗಲಿಗೇರಿಸಿ, ಬಸ್ಸಿಳಿದು ಬಂದವಳ ಹಾಗೆ ದಣಿದ ಮುಖ ಮಾಡಿಕೊಂಡು ಒಬ್ಬಳೇ ನಡೆಯತೊಡಗಿದಳು. ಒಂದು ವರ್ಷ ದಿನಾ ಹೀಗೇ ಮಾಡಿದ್ದಾಳೆ ಎಂದು ಆಗ ನನಗೆ ಹೊಳೆಯಿತು. ಸ್ವಲ್ಪ ದೂರ ಬಂದ ಮೇಲೆ ಇನ್ನು ಮುಚ್ಚಿಡುವುದೇನೂ ಇಲ್ಲ ಎಂದು ಅವಳಿಗೆ ನೆನಪಾಯಿತೋ ಏನೋ, ನಡುರಸ್ತೆಯಲ್ಲೇ ನಿಂತುಬಿಟ್ಟಳು.

ಬೀದಿಯಲ್ಲಿ ಎಂದೂ ದನಿ ಎತ್ತದ ಮನುಷ್ಯ ಬಾಗಿಲು ತೆಗೆದು ಹೊರಗೆ ಓಡಿದರು. "ಪುಟ್ಟೀ, ಗಾಡಿ ಮೇಲೇ ಬಾರೇ! ಮನೆ ಬಾಗಿಲಿಗೇ ತಗೊಂಡ್ ಬಾ!" ಎಂದು ಕೂಗಿದರು. ನಾನೂ ಪಕ್ಕಕ್ಕೆ ಹೋಗಿ ನಿಂತು ಕೈ ಬೀಸಿದೆ.

ಅವಳು ತಕ್ಷಣ ಅಲ್ಲಾಡಲಿಲ್ಲ. ಇವರು ಯಾಕೆ ಕರೆಯುತ್ತಿದ್ದಾರೆ, ಇದರಲ್ಲಿ ಏನು ಮೋಸವಿದೆ ಎಂದು ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡುತ್ತಾ ನಿಂತೇ ಇದ್ದಳು.